ಮುಂದಿನ ಇಂಡಿಕೇಟರ್ ಬಲ್ಬ್ ಹೋಗಿದೆಯಾ? ಮನೆ ಮುಂದೆಯೇ ಬದಲಾಯಿಸಿಕೊಳ್ಳಿ

ಇಂಡಿಕೇಟರ್ ಹಾಕಿದಾಗ ಡ್ಯಾಶ್‌ಬೋರ್ಡ್ ಒಳಗಿಂದ ಬರುವ ಟಿಕ್ ಟಿಕ್ ಸದ್ದಿಗೆ ಒಂದು ಲಯ ಇದೆ. ದಿನಾ ಕಾರು ಓಡಿಸುವವರ ಕಿವಿಗೆ ಅದು ಎಷ್ಟು ಒಗ್ಗಿಹೋಗಿರುತ್ತದೆ ಅಂದರೆ, ಕೇಳಿಸುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಆ ಲಯ ಒಂದು ದಿನ ಇದ್ದಕ್ಕಿದ್ದಂತೆ ಟಿಕಟಿಕಟಿಕ ಅಂತ ಓಡತೊಡಗಿದರೆ, ಆ ಬದಿಯ ಒಂದು ಬಲ್ಬ್ ಸುಟ್ಟುಹೋಗಿದೆ ಅಂತ ತಿಳಿಯಿರಿ.

ನನಗೆ ಮೊದಲ ಸಲ ಹೀಗಾದದ್ದು ಮಳೆಗಾಲದ ಒಂದು ಸಂಜೆ, ಸಕಲೇಶಪುರದಿಂದ ಮೂಡಿಗೆರೆ ಕಡೆ ಹೋಗುವ ರಸ್ತೆಯಲ್ಲಿ. ಬಲಕ್ಕೆ ತಿರುಗಿ ಮಾವನ ತೋಟದ ದಾರಿ ಹಿಡಿಯಬೇಕಿತ್ತು. ಇಂಡಿಕೇಟರ್ ಹಾಕಿದೆ. ಟಿಕಟಿಕ ಜೋರಾಗಿತ್ತು, ಆದರೆ ತಲೆಗೆ ಹೋಗಲಿಲ್ಲ. ಎದುರಿನಿಂದ ಬರುತ್ತಿದ್ದ ಸ್ಕೂಟರಿನವರಿಗೆ ನಾನು ತಿರುಗುತ್ತೇನೆ ಅನ್ನುವ ಸುಳಿವೇ ಸಿಗಲಿಲ್ಲ. ಅವರು ವೇಗ ತಗ್ಗಿಸಲಿಲ್ಲ. ನಾನು ಬ್ರೇಕ್ ಒತ್ತಿದ್ದರಿಂದ ಇಬ್ಬರೂ ಉಳಿದೆವು. ಇಳಿದು ನೋಡಿದರೆ, ಮುಂದಿನ ಬಲಗಡೆ ದೀಪ ಹೊತ್ತಿಕೊಳ್ಳುತ್ತಲೇ ಇರಲಿಲ್ಲ. ಹಿಂದಿನದು ಚೆನ್ನಾಗಿ ಮಿನುಗುತ್ತಿತ್ತು.

ನಮ್ಮಲ್ಲಿ ಎಡಗಡೆ ಚಲಿಸುವುದು ರೂಢಿ. ಹಾಗಾಗಿ ಬಲಕ್ಕೆ ತಿರುಗುವಾಗ ಎದುರಿನ ವಾಹನಗಳ ದಾರಿಯನ್ನೇ ಅಡ್ಡ ಹಾಯಬೇಕು. ಆಗ ಎದುರಿನವರಿಗೆ ಕಾಣುವುದು ಮುಂದಿನ ದೀಪ ಮಾತ್ರ. ಓಡಿಸುವವರಿಗಂತೂ ಅದು ಕಾಣುವುದೇ ಇಲ್ಲ. ಅದಕ್ಕೇ ಈ ಬಲ್ಬ್ ಹೋದರೆ 'ಮುಂದಿನ ಸರ್ವಿಸ್‌ಗೆ ನೋಡೋಣ' ಅಂತ ಬಿಡಬೇಡಿ. ಮರುದಿನ ಬೆಳಿಗ್ಗೆ ಮಾವ ಹತ್ತು ನಿಮಿಷದಲ್ಲಿ ಬಲ್ಬ್ ಬದಲಾಯಿಸಿ, ಕೆಲಸವನ್ನೂ ಕಲಿಸಿಕೊಟ್ಟರು. ಅವರು ತೋರಿಸಿದ್ದನ್ನೂ, ಆಮೇಲೆ ನಾನೇ ಮಾಡುತ್ತಾ ಕಲಿತದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಯಾವುದು ಹೋಗಿದೆ ಅಂತ ನೋಡಿ

ಹಜಾರ್ಡ್ ಸ್ವಿಚ್ ಒತ್ತಿ. ಡ್ಯಾಶ್‌ಬೋರ್ಡ್ ನಡುವೆ ಕೆಂಪು ತ್ರಿಕೋನ ಇರುತ್ತದಲ್ವಾ, ಅದೇ. ಎಲ್ಲ ಇಂಡಿಕೇಟರ್‌ಗಳೂ ಒಟ್ಟಿಗೆ ಮಿನುಗುತ್ತವೆ. ಈಗ ಇಳಿದು ಕಾರಿನ ಸುತ್ತ ಒಂದು ಸುತ್ತು ಬನ್ನಿ. ಮುಂದೆ ಎರಡು, ಹಿಂದೆ ಎರಡು, ಬದಿಯಲ್ಲಿ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಮೇಲೋ ಕನ್ನಡಿಯ ಮೇಲೋ ಒಂದೊಂದು. ಯಾವುದು ಹೊತ್ತಿಕೊಳ್ಳುವುದಿಲ್ಲವೋ ಅದು ಹೋಗಿದೆ.

ಸದ್ದಿನ ವೇಗ ಯಾಕೆ ಹೆಚ್ಚುತ್ತದೆ ಅನ್ನುವುದು ಗೊತ್ತಿದ್ದರೆ ಮುಂದೆ ಎಲ್‌ಇಡಿ ವಿಷಯಕ್ಕೆ ಬಂದಾಗ ಅನುಕೂಲ. ಸಾಮಾನ್ಯ ಕಾರಿನಲ್ಲಿ ಒಂದು ಬದಿಗೆ ಮುಂದಿನ ಬಲ್ಬ್ 21 ವ್ಯಾಟ್, ಹಿಂದಿನದು 21 ವ್ಯಾಟ್, ಪಕ್ಕದ ಪುಟ್ಟ ಬಲ್ಬ್ 5 ವ್ಯಾಟ್ ಇರುತ್ತದೆ. ಒಟ್ಟು 47. ಒಂದು ದೊಡ್ಡ ಬಲ್ಬ್ ಸುಟ್ಟರೆ ಉಳಿಯುವುದು 26. ಹರಿಯುವ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಫ್ಲ್ಯಾಷರ್ ರಿಲೇ (ದೀಪವನ್ನು ಮಿಟುಕಿಸುವ ಪುಟ್ಟ ಸ್ವಿಚ್ಚು) ಗುರುತಿಸಿ ವೇಗವಾಗಿ ಮಿಟುಕಿಸುತ್ತದೆ. ಹೊಸ ಕಾರುಗಳಲ್ಲಿ ರಿಲೇ ಬದಲು ಕಂಪ್ಯೂಟರ್ ಇದ್ದರೂ, ಚಾಲಕರಿಗೆ ತಿಳಿಯಲಿ ಅಂತ ಬೇಕೆಂದೇ ಹಾಗೆ ಮಾಡಿಸುತ್ತದೆ. ಸರಿಯಾದ ವೇಗ ಅಂದರೆ ನಿಮಿಷಕ್ಕೆ 60ರಿಂದ 120 ಸಲ. ಗಡಿಯಾರ ನೋಡಿಕೊಂಡು 15 ಸೆಕೆಂಡು ಎಣಿಸಿ. 15ರಿಂದ 30ರ ಒಳಗೆ ಬಂದರೆ ಸರಿ. ಪಕ್ಕದ 5 ವ್ಯಾಟಿನ ಬಲ್ಬ್ ಮಾತ್ರ ಹೋದರೆ ಎಷ್ಟೋ ಕಾರುಗಳಲ್ಲಿ ವೇಗ ಬದಲಾಗುವುದೇ ಇಲ್ಲ. ಅದನ್ನು ಕಣ್ಣಿಂದಲೇ ನೋಡಿ ಕಂಡುಹಿಡಿಯಬೇಕು.

ಎಡ ಬಲ ಎರಡೂ ಬದಿ ಒಂದೂ ಹೊತ್ತಿಕೊಳ್ಳದಿದ್ದರೆ ಬಲ್ಬ್ ಬಿಚ್ಚಲು ಹೋಗಬೇಡಿ. ಎಲ್ಲ ಬಲ್ಬೂ ಒಂದೇ ದಿನ ಸುಡುವುದಿಲ್ಲ. ಅದು ಫ್ಯೂಸ್, ರಿಲೇ ಅಥವಾ ಸ್ವಿಚ್ಚಿನ ಸಮಸ್ಯೆ. ಹಜಾರ್ಡ್ ಕೆಲಸ ಮಾಡುತ್ತಿದ್ದು ಇಂಡಿಕೇಟರ್ ಮಾತ್ರ ಸತ್ತಿದ್ದರೆ, ಬಲ್ಬುಗಳು ಚೆನ್ನಾಗಿವೆ ಅಂತಲೇ ಅರ್ಥ.

ಅಂಗಡಿಗೆ ಹೋಗುವ ಮುಂಚೆ

ಕಾರಿನ ಜೊತೆ ಬಂದ ಮ್ಯಾನುಯಲ್ ಪುಸ್ತಕದಲ್ಲಿ, ಹೆಚ್ಚಾಗಿ ಕೊನೆಯ ಪುಟಗಳಲ್ಲಿ, ಬಲ್ಬುಗಳ ಪಟ್ಟಿ ಇರುತ್ತದೆ. ಮುಂದಿನ ಇಂಡಿಕೇಟರ್‌ಗೆ ಸಾಮಾನ್ಯವಾಗಿ ಬರುವುದು ಈ ಮೂರರಲ್ಲಿ ಒಂದು.

ಪಿವೈ 21 ಡಬ್ಲ್ಯು: ಕಿತ್ತಳೆ ಬಣ್ಣದ ಗಾಜು, ಬುಡಕ್ಕೆ ಲೋಹದ ಕ್ಯಾಪ್, ಎರಡು ಪಿನ್. ಹೆಡ್‌ಲೈಟಿನ ಗಾಜು ಬಿಳಿ ಇರುವ ಕಾರುಗಳಲ್ಲಿ ಜಾಸ್ತಿ ಕಾಣುವುದು ಇದೇ.

ಪಿ 21 ಡಬ್ಲ್ಯು: ಅದೇ ಆಕಾರ, ಬಿಳಿ ಗಾಜು. ಹೊರಗಿನ ಗಾಜೇ ಕಿತ್ತಳೆ ಬಣ್ಣದ್ದಾಗಿರುವ ಹಳೆಯ ಕಾರುಗಳಿಗೆ.

ಡಬ್ಲ್ಯುವೈ 21 ಡಬ್ಲ್ಯು: ಕಿತ್ತಳೆ ಬಣ್ಣದ್ದೇ, ಆದರೆ ಲೋಹದ ಕ್ಯಾಪ್ ಇಲ್ಲ. ಗಾಜಿನ ಬುಡವೇ ಚಪ್ಪಟೆಯಾಗಿದ್ದು ನೇರವಾಗಿ ಒಳಗೆ ಕೂರುತ್ತದೆ.

ಮೊದಲ ಎರಡನ್ನು ಅದಲುಬದಲು ಮಾಡಿದರೆ ಕೆಲಸ ಕೆಡುತ್ತದೆ. ಬಿಳಿ ಬಲ್ಬಿನ ಎರಡು ಪಿನ್‌ಗಳು ನೇರ ಎದುರುಬದುರು ಇರುತ್ತವೆ. ಕಿತ್ತಳೆ ಬಲ್ಬಿನವು ಸ್ವಲ್ಪ ಓರೆ, ನಡುವೆ 150 ಡಿಗ್ರಿ ಅಂತರ. ಕಿತ್ತಳೆ ಬೇಕಾದ ಕಡೆ ಯಾರೂ ಬಿಳಿ ಬಲ್ಬ್ ಹಾಕದಿರಲಿ ಅಂತಲೇ ಹೀಗೆ ಮಾಡಿದ್ದಾರೆ. ಆದರೂ ಒಂದು ಗ್ಯಾರೇಜಿನಲ್ಲಿ ನನ್ನ ಕಾರಿಗೆ ಬಿಳಿ ಬಲ್ಬನ್ನು ಅದುಮಿ ತಿರುಗಿಸಿ ಕೂರಿಸಿದ್ದರು. ಹೋಲ್ಡರಿನಲ್ಲಿ ಪಿನ್ ಕೂರುವ ಸೀಳು ಹರಿದುಹೋಗಿತ್ತು. ಆಮೇಲೆ ಸರಿಯಾದ ಬಲ್ಬ್ ಹಾಕಿದರೂ ಅಲುಗಾಡುತ್ತಿತ್ತು, ಕೊನೆಗೆ ಹೋಲ್ಡರನ್ನೇ ಬದಲಾಯಿಸಬೇಕಾಯಿತು. ಬಲ್ಬ್ ಸಲೀಸಾಗಿ ಕೂರದಿದ್ದರೆ ಅದು ಆ ಜಾಗದ ಬಲ್ಬೇ ಅಲ್ಲ ಅಂತ ಇಟ್ಟುಕೊಳ್ಳಿ.

ಸಾಧ್ಯವಾದರೆ ಹಳೆಯ ಬಲ್ಬ್ ಬಿಚ್ಚಿ, ಅದನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಾಗಲಿ, ಮಾದರಿ ತೋರಿಸಿದರೆ ಮಾತು ಬೇಗ ಮುಗಿಯುತ್ತದೆ. ಬುಡದ ಲೋಹದ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ನಂಬರು ಇರುತ್ತದೆ. '12 ವೋಲ್ಟ್, 21 ವ್ಯಾಟ್' ಅಂತ ಇರುವುದನ್ನೂ ನೋಡಿಕೊಳ್ಳಿ. ಲಾರಿ, ಬಸ್ಸಿಗೆ ಬರುವ 24 ವೋಲ್ಟಿನ ಬಲ್ಬೂ ನೋಡಲು ಹೀಗೇ ಇರುತ್ತದೆ. ಅದನ್ನು ಕಾರಿಗೆ ಹಾಕಿದರೆ ಮಂಕಾಗಿ ಉರಿಯುತ್ತದೆ. ಫಿಲಿಪ್ಸ್, ಓಸ್ರಾಮ್, ಲೂಮ್ಯಾಕ್ಸ್‌ನಂಥ ಹೆಸರಿರುವ ಬಲ್ಬನ್ನೇ ತೆಗೆದುಕೊಳ್ಳಿ. ಹೆಸರಿಲ್ಲದ ಬಲ್ಬಿನಲ್ಲಿ ಕಿತ್ತಳೆ ಬಣ್ಣ ಬಿಸಿಗೆ ಬೇಗ ಸಿಪ್ಪೆಯೇಳುವುದನ್ನು ನೋಡಿದ್ದೇನೆ. ಆಮೇಲೆ ಇಂಡಿಕೇಟರ್ ಬಿಳಿಯಾಗಿ ಮಿನುಗತೊಡಗುತ್ತದೆ. ಒಂದು ಬದಲು ಎರಡು ತನ್ನಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಹತ್ತಿ ಬಟ್ಟೆ, ಟಾರ್ಚ್, ಸಣ್ಣ ಇಕ್ಕಳ, ಚಪ್ಪಟೆ ಸ್ಕ್ರೂಡ್ರೈವರ್, ಒಂದು ಚೂರು ನಯವಾದ ಎಮರಿ ಪೇಪರ್. ಇಷ್ಟಿದ್ದರೆ ಸಾಕು.

ಕೈ ಹಾಕುವ ದಾರಿ

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಂಜಿನ್ ಆಫ್ ಮಾಡಿ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಈಗಷ್ಟೇ ಓಡಿಸಿ ಬಂದಿದ್ದರೆ ಅರ್ಧ ಗಂಟೆ ಬಿಡಿ. ರೇಡಿಯೇಟರ್ ಬಿಸಿ ಇದ್ದಾಗ ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗುತ್ತದೆ, ಬೆರಳು ಅಲ್ಲೇ ಹತ್ತಿರ ಇರುತ್ತದೆ.

ಬಾನೆಟ್ ತೆಗೆದು ಹೆಡ್‌ಲೈಟಿನ ಹಿಂಭಾಗ ನೋಡಿ. ಸಾಮಾನ್ಯವಾಗಿ ದೊಡ್ಡ ರಬ್ಬರ್ ಟೊಪ್ಪಿಗೆ ಇದ್ದು ಮೂರು ವೈರ್ ಹೋಗಿರುವುದು ಹೆಡ್‌ಲೈಟ್. ತೀರಾ ಚಿಕ್ಕದು ಪಾರ್ಕಿಂಗ್ ಲೈಟ್. ಇವೆರಡರ ನಡುವಿನ ಗಾತ್ರದ ಪ್ಲಾಸ್ಟಿಕ್ ಹೋಲ್ಡರ್, ಎರಡು ವೈರಿನದು, ಇಂಡಿಕೇಟರ್. ಅನುಮಾನ ಬಂದರೆ ಇನ್ನೊಂದು ಬದಿಯ ಚೆನ್ನಾಗಿರುವ ದೀಪವನ್ನು ಮಿನುಗಿಸಿ, ಹೆಡ್‌ಲೈಟಿನ ಯಾವ ಮೂಲೆಯಲ್ಲಿ ಬೆಳಕು ಬರುತ್ತದೆ ಅಂತ ಮುಂದಿನಿಂದ ನೋಡಿ. ಈ ಬದಿಯಲ್ಲೂ ಕನ್ನಡಿಯ ಬಿಂಬದ ಹಾಗೆ ಅದೇ ಮೂಲೆಯಲ್ಲಿ ಇರುತ್ತದೆ.

ಬಹಳಷ್ಟು ಸಣ್ಣ ಕಾರುಗಳಲ್ಲಿ ಬಾನೆಟ್ ಕಡೆಯಿಂದಲೇ ಕೈ ಹೋಗುತ್ತದೆ. ಒಂದು ಬದಿಯಲ್ಲಿ ಬ್ಯಾಟರಿ, ಇನ್ನೊಂದು ಬದಿಯಲ್ಲಿ ವೈಪರ್ ನೀರಿನ ಕೊಳವೆ ಅಡ್ಡ ಬರಬಹುದು. ಕೊಳವೆಯನ್ನು ಒಂದು ಕ್ಲಿಪ್ ಬಿಚ್ಚಿ ಪಕ್ಕಕ್ಕೆ ಸರಿಸಿದರೆ ಸಾಕಾಗುತ್ತದೆ. ಬ್ಯಾಟರಿಯನ್ನೇ ತೆಗೆಯಬೇಕಾಗಿ ಬಂದರೆ ನೆಗೆಟಿವ್ ವೈರ್ ಮೊದಲು ಬಿಚ್ಚಿ, ಆಮೇಲೆ ಪಾಸಿಟಿವ್. ಮತ್ತೆ ಹಾಕುವಾಗ ಪಾಸಿಟಿವ್ ಮೊದಲು. ಉಲ್ಟಾ ಮಾಡಿದರೆ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿ ಕಿಡಿ ಹಾರುತ್ತದೆ.

ಕೆಲವು ಕಾರುಗಳಲ್ಲಿ ಚಕ್ರದ ಕಮಾನಿನ ಒಳಗಿಂದ ಕೈ ಹಾಕಬೇಕು. ಜಾಕ್ ಬೇಡ. ಎಡಗಡೆ ದೀಪವಾದರೆ ಸ್ಟೀರಿಂಗ್ ಪೂರ್ತಿ ಬಲಕ್ಕೆ, ಬಲಗಡೆಯದಾದರೆ ಪೂರ್ತಿ ಎಡಕ್ಕೆ ತಿರುಗಿಸಿ. ಚಕ್ರದ ಮುಂಭಾಗ ಒಳಕ್ಕೆ ಸರಿದು ಜಾಗ ಸಿಗುತ್ತದೆ. ಒಳಗಿನ ಕಪ್ಪು ಪ್ಲಾಸ್ಟಿಕ್ ಹೊದಿಕೆಯ ಎರಡು ಮೂರು ಕ್ಲಿಪ್ ಬಿಚ್ಚಿ ಸ್ವಲ್ಪ ಬಗ್ಗಿಸಿ. ಕೆಲವು ಕ್ಲಿಪ್‌ಗಳ ನಡುವಿನ ಗುಂಡಿಯನ್ನು ಒಳಗೆ ಒತ್ತಬೇಕು, ಕೆಲವನ್ನು ಸ್ಕ್ರೂಡ್ರೈವರಿನಿಂದ ಮೇಲೆತ್ತಬೇಕು. ಇನ್ನು ಬಂಪರನ್ನೇ ಬಿಚ್ಚಬೇಕು ಅಂತ ನಿಮ್ಮ ಮ್ಯಾನುಯಲ್ ಹೇಳಿದರೆ, ಆ ಕೆಲಸ ಗ್ಯಾರೇಜಿಗೆ ಬಿಡಿ. ಮೊದಲಿಂದಲೇ ಎಲ್‌ಇಡಿ ಇಂಡಿಕೇಟರ್ ಇರುವ ಹೊಸ ಕಾರುಗಳಲ್ಲಿ ಬದಲಾಯಿಸಲು ಬಲ್ಬ್ ಅಂತ ಬೇರೆ ಇರುವುದೇ ಇಲ್ಲ. ಅವಕ್ಕೆ ಈ ಲೇಖನ ಅನ್ವಯಿಸುವುದಿಲ್ಲ.

ಹೋಲ್ಡರ್ ಯಾವ ಕಡೆ ತಿರುಗಿಸಬೇಕು?

ಜನ ಹೆಚ್ಚು ತಪ್ಪು ಮಾಡುವುದು ಇಲ್ಲೇ. ಮ್ಯಾನುಯಲ್‌ನಲ್ಲಿ 'ಅಪ್ರದಕ್ಷಿಣೆಯಾಗಿ ತಿರುಗಿಸಿ' ಅಂತ ಇರುತ್ತದೆ. ಆದರೆ ಅದು ಹೋಲ್ಡರಿನ ಬೆನ್ನನ್ನು ನೋಡುತ್ತಿರುವವರ ಲೆಕ್ಕ, ಅಂದರೆ ಎಂಜಿನ್ ಕಡೆಯಿಂದ ನೋಡಿದಾಗ. ನೀವು ನಿಂತಿರುವುದು ಬಂಪರಿನ ಮುಂದೆ. ಕೈ ಮಾತ್ರ ಹೆಡ್‌ಲೈಟಿನ ಹಿಂದೆ ಹೋಗಿದೆ. ನಿಮ್ಮ ಕಣ್ಣಿಗೆ ದಿಕ್ಕು ಉಲ್ಟಾ ಆಗುತ್ತದೆ. ಹೋಲ್ಡರನ್ನು ನೀರಿನ ಬಾಟಲಿಯ ಮುಚ್ಚಳ ಅಂತ ಅಂದುಕೊಳ್ಳಿ. ಬಾಟಲಿಯ ತಳ ನಿಮ್ಮ ಕಡೆಗಿದೆ, ಮುಚ್ಚಳ ಎಂಜಿನ್ ಕಡೆಗಿದೆ. ಈಗ ಮುಚ್ಚಳ ಬಿಚ್ಚುವುದು ಯಾವ ಕಡೆಗೆ ಅಂತ ಕೈಗೇ ಗೊತ್ತಾಗುತ್ತದೆ. ಮಾವ ನನ್ನ ಕೈಗೆ ಬಾಟಲಿ ಕೊಟ್ಟು ಇದನ್ನು ಮಾಡಿಸಿದ್ದರು. ಅವತ್ತಿಂದ ಒಮ್ಮೆಯೂ ತಪ್ಪಿಲ್ಲ.

ವೈರ್ ಎಳೆಯಬೇಡಿ. ಹೋಲ್ಡರಿನ ಪ್ಲಾಸ್ಟಿಕ್ ಅಂಚನ್ನೇ ಎರಡು ಬೆರಳಲ್ಲಿ ಹಿಡಿಯಿರಿ. ಕಾಲು ಸುತ್ತು, ಕೆಲವೊಮ್ಮೆ ಅದಕ್ಕೂ ಕಡಿಮೆ ತಿರುಗಿಸಿದರೆ ಸಾಕು, ಸಡಿಲವಾಗಿ ಹಿಂದಕ್ಕೆ ಬರುತ್ತದೆ. ವರ್ಷಗಟ್ಟಲೆ ತೆಗೆಯದೆ ಇದ್ದರೆ ರಬ್ಬರ್ ಅಂಟಿಕೊಂಡಿರುತ್ತದೆ. ಆಗ ಬಲ ಹಾಕಿ ತಿರುಚುವ ಬದಲು, ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪವೇ ಅಲುಗಿಸಿ. ಪ್ಲಾಸ್ಟಿಕ್ ಕಿವಿ ಮುರಿದರೆ ಬಲ್ಬಿಗಿಂತ ದೊಡ್ಡ ಖರ್ಚು.

ಬಲ್ಬ್ ತೆಗೆದು ಹಾಕುವುದು

ಹೋಲ್ಡರ್ ಹೊರಗೆ ಬಂದ ಮೇಲೆ, ಲೋಹದ ಕ್ಯಾಪಿನ ಬಲ್ಬಾದರೆ ಬಟ್ಟೆಯಿಂದ ಹಿಡಿದು ಒಳಕ್ಕೆ ಒತ್ತಿ, ಒತ್ತಿಕೊಂಡೇ ಅಪ್ರದಕ್ಷಿಣೆಯಾಗಿ ತಿರುಗಿಸಿ, ಬಿಡಿ. ಸ್ಪ್ರಿಂಗ್ ಅದನ್ನು ಮೇಲೆ ತಳ್ಳುತ್ತದೆ. ಹಳೆಯ ಮನೆಗಳ ಪಿನ್ ಬಲ್ಬ್ ಹಾಕಿ ತೆಗೆದು ಅಭ್ಯಾಸ ಇದ್ದವರಿಗೆ ಇದು ಹೊಸದಲ್ಲ. ಚಪ್ಪಟೆ ಬುಡದ ಬಲ್ಬಾದರೆ ತಿರುಗಿಸಬೇಡಿ, ನೇರವಾಗಿ ಎಳೆಯಿರಿ. ಗಾಜು ಒಡೆದಿದ್ದರೆ ಬೆರಳು ಹಾಕದೆ ಇಕ್ಕಳದಿಂದ ಕ್ಯಾಪಿನ ಅಂಚು ಹಿಡಿದು ತಿರುಗಿಸಿ.

ಹಳೆಯ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ತಂತಿ ತುಂಡಾಗಿದ್ದರೆ ಅಥವಾ ಗಾಜಿನ ಒಳಗೆ ಕಪ್ಪು ಹೊಗೆಯಂಥ ಪದರ ಕಟ್ಟಿದ್ದರೆ ಬಲ್ಬ್ ಹೋಗಿದೆ. ಆ ಕಪ್ಪು ಟಂಗ್‌ಸ್ಟನ್‌ದು. ಉರಿದು ಉರಿದು ತಂತಿ ಆವಿಯಾಗಿ ಗಾಜಿಗೆ ಅಂಟಿರುತ್ತದೆ. ತಂತಿ ಚೆನ್ನಾಗಿದೆಯಲ್ಲ ಅನಿಸಿದರೆ ಮಲ್ಟಿಮೀಟರಿನಲ್ಲಿ ಓಮ್ (ಕರೆಂಟಿಗೆ ತಂತಿ ಒಡ್ಡುವ ತಡೆ) ಅಳೆಯಿರಿ. ತಣ್ಣಗಿರುವ ಒಳ್ಳೆಯ 21 ವ್ಯಾಟ್ ಬಲ್ಬ್ 1 ಓಮ್‌ಗಿಂತಲೂ ಕಡಿಮೆ ತೋರಿಸುತ್ತದೆ. ಉರಿಯುವಾಗ ಮಾತ್ರ ಅದು 7 ಓಮ್ ಹತ್ತಿರ ಹೋಗುತ್ತದೆ. ಪ್ರತಿ ಸಲ ಹೊತ್ತಿಕೊಳ್ಳುವಾಗ ತಣ್ಣನೆಯ ತಂತಿಗೆ ಕರೆಂಟು ಒಮ್ಮೆಲೇ ನುಗ್ಗುತ್ತದೆ. ಅದರ ಜೊತೆ ನಮ್ಮ ರಸ್ತೆಗಳ ಗುಂಡಿ, ಹಂಪ್‌ಗಳ ಅದುರು ಬೇರೆ. ತಂತಿ ಸೋಲುವುದು ಇದಕ್ಕೇ.

ಈಗ ಖಾಲಿ ಹೋಲ್ಡರ್ ಒಳಗೆ ಟಾರ್ಚ್ ಬಿಡಿ. ಈ ಒಂದು ನಿಮಿಷವನ್ನು ಉಳಿಸಲು ಹೋಗಬೇಡಿ. ಹಸಿರು ಕಿಲುಬು ಅಥವಾ ತುಕ್ಕು ಕಂಡರೆ, ಹೊಸ ಬಲ್ಬ್ ಹಾಕಿದರೂ ಮಂಕಾಗಿ ಉರಿಯುತ್ತದೆ, ಇಲ್ಲವೇ ನಾಲ್ಕು ದಿನಕ್ಕೆ ನಿಲ್ಲುತ್ತದೆ. ಎಮರಿ ಪೇಪರನ್ನು ಪೆನ್ಸಿಲ್ಲಿಗೆ ಸುತ್ತಿ ಒಳಗಿನ ಲೋಹವನ್ನು ಮೆಲ್ಲಗೆ ಉಜ್ಜಿ. ಬುಡದ ಸಣ್ಣ ಮೊಳೆಯಂಥ ಭಾಗವನ್ನು ಒತ್ತಿದರೆ ಸ್ಪ್ರಿಂಗ್‌ನಂತೆ ಮೇಲೆ ಬರಬೇಕು. ಹೋಲ್ಡರ್ ಸುತ್ತಲಿನ ರಬ್ಬರ್ ವಾಷರ್ ಹರಿದಿದ್ದರೆ ಅದೇ ನೀರು ಬರುವ ದಾರಿ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇರುವವರು ಇದನ್ನು ತಪ್ಪದೆ ನೋಡಿ.

ಹೊಸ ಬಲ್ಬನ್ನು ಬಟ್ಟೆಯಲ್ಲೇ ಹಿಡಿದು ಹಾಕಿ. ಹ್ಯಾಲೊಜೆನ್ ಹೆಡ್‌ಲೈಟ್ ಬಲ್ಬಿಗೆ ಬೆರಳಿನ ಎಣ್ಣೆ ತಾಗಿದರೆ ಬೇಗ ಹಾಳಾಗುತ್ತದೆ. ಈ ಬಲ್ಬಿಗೆ ಅಷ್ಟು ತೊಂದರೆ ಇಲ್ಲ, ಆದರೂ ಮುಟ್ಟಿದ್ದರೆ ಒರೆಸಿಬಿಡಿ. ಪಿನ್‌ಗಳನ್ನು ಹೋಲ್ಡರಿನ ಸೀಳಿಗೆ ಹೊಂದಿಸಿ, ಒತ್ತಿ, ಪ್ರದಕ್ಷಿಣೆಯಾಗಿ ತಿರುಗಿಸಿ. ತಂತಿಯ ಬಲ್ಬಿಗೆ ಪ್ಲಸ್ ಮೈನಸ್ ಚಿಂತೆ ಇಲ್ಲ.

ಹೋಲ್ಡರನ್ನು ಒಳಗೆ ಕೂರಿಸುವ ಮೊದಲೇ ಹಜಾರ್ಡ್ ಹಾಕಿ ನೋಡಿ. ಮಿನುಗಿತಾ? ಹಾಗಾದರೆ ಆಫ್ ಮಾಡಿ, ಹೋಲ್ಡರನ್ನು ಜಾಗಕ್ಕೆ ಹಿಡಿಯಿರಿ. ಅದರ ಕಿವಿಗಳು ಎಷ್ಟೋ ಸಲ ಒಂದೇ ಅಗಲ ಇರುವುದಿಲ್ಲ, ಒಂದೇ ರೀತಿಯಲ್ಲಿ ಮಾತ್ರ ಒಳಗೆ ಹೋಗುತ್ತದೆ. ಹೋದ ಮೇಲೆ ಬಾಟಲಿ ಮುಚ್ಚುವ ಕಡೆಗೆ ತಿರುಗಿಸಿ. ಹಿಂದಕ್ಕೆ ಮೆಲ್ಲಗೆ ಎಳೆದು ನೋಡಿ, ಬರಬಾರದು. ಓರೆಯಾಗಿ ಕೂತಿದ್ದರೆ ಮೊದಲ ಮಳೆಗೇ ಹೆಡ್‌ಲೈಟ್ ಒಳಗೆ ಹಬೆ ಕಟ್ಟುತ್ತದೆ. ಬಾನೆಟ್ ಮುಚ್ಚುವ ಮುಂಚೆ ಬಿಚ್ಚಿದ್ದ ಕೊಳವೆ, ಕ್ಲಿಪ್ ಎಲ್ಲ ಸ್ವಸ್ಥಾನಕ್ಕೆ ಬಂದವೇ ನೋಡಿ. ಬಟ್ಟೆ, ಇಕ್ಕಳ ಎಂಜಿನ್ ಮೇಲೆ ಮರೆತು ಹೋಗುವುದೂ ಉಂಟು.

ಹೊಸ ಬಲ್ಬೂ ಹೊತ್ತಿಕೊಳ್ಳದಿದ್ದರೆ

ಇನ್ನೊಂದು ಬದಿಯ ಚೆನ್ನಾಗಿರುವ ಬಲ್ಬನ್ನು ಇಲ್ಲಿ ಹಾಕಿ ನೋಡಿ. ಅದೂ ಹೊತ್ತಿಕೊಳ್ಳದಿದ್ದರೆ ದೋಷ ಹೋಲ್ಡರಿನದೋ ವೈರಿನದೋ. ಟೆಸ್ಟ್ ಲ್ಯಾಂಪ್ (ಕರೆಂಟು ಇದೆಯೇ ಅಂತ ತೋರಿಸುವ ಪುಟ್ಟ ದೀಪ) ಇದ್ದರೆ ಇಂಡಿಕೇಟರ್ ಹಾಕಿ ಹೋಲ್ಡರಿನ ಸಂಪರ್ಕಕ್ಕೆ ಹಿಡಿಯಿರಿ. ಲ್ಯಾಂಪ್ ಮಿನುಗಿದರೆ ಕರೆಂಟು ಬರುತ್ತಿದೆ ಅಂತಾಯಿತು. ಇದಕ್ಕೆ ಡಿಜಿಟಲ್ ಮಲ್ಟಿಮೀಟರ್ ಅಷ್ಟು ಒಳ್ಳೆಯದಲ್ಲ. ದೀಪ ಮಿನುಗುತ್ತಿರುವಾಗ ಅದರ ಅಂಕಿ ನಿಲ್ಲುವುದೇ ಇಲ್ಲ. ಕರೆಂಟು ಬಂದರೂ ಬಲ್ಬ್ ಹೊತ್ತಿಕೊಳ್ಳದಿದ್ದರೆ ಅರ್ಥ್ ವೈರ್ (ಕರೆಂಟು ವಾಪಸ್ ಹೋಗುವ ವೈರ್) ನೋಡಿ. ಇಂಡಿಕೇಟರ್ ಹಾಕಿದಾಗ ಪಕ್ಕದ ಪಾರ್ಕಿಂಗ್ ಲೈಟ್ ಮಂಕಾಗಿ ಮಿಟುಕಿದರೆ ಅದು ಅರ್ಥ್ ಸಡಿಲವಾಗಿರುವ ಗುರುತು. ಇಲ್ಲಿಂದ ಮುಂದೆ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗಿ. ವೈರ್ ಕತ್ತರಿಸಿ ಟೇಪು ಸುತ್ತುವ ಪ್ರಯೋಗ ಬೇಡ.

ಎಲ್‌ಇಡಿ ಹಾಕಲಾ?

ಅಂಗಡಿಯವರು ಕೇಳುತ್ತಾರೆ. ನನ್ನ ಉತ್ತರ ಬೇಡ ಅಂತಲೇ. ಎಲ್‌ಇಡಿ ಬಹಳ ಕಡಿಮೆ ಕರೆಂಟು ಎಳೆಯುವುದರಿಂದ ಕಾರು ಬಲ್ಬ್ ಸುಟ್ಟಿದೆ ಅಂತಲೇ ತಿಳಿದು ಮತ್ತೆ ಟಿಕಟಿಕ ಶುರು ಮಾಡುತ್ತದೆ. ಅದಕ್ಕೆ ಪರಿಹಾರ ಅಂತ, ಕರೆಂಟು ಹೆಚ್ಚು ಎಳೆಯಲಿ ಎಂದು 6 ಓಮ್‌ನ ರೆಸಿಸ್ಟರ್ ಅನ್ನುವ ಪುಟ್ಟ ಬಿಡಿಭಾಗ ಸೇರಿಸುತ್ತಾರೆ. ಎಂಜಿನ್ ಓಡುವಾಗ 14 ವೋಲ್ಟಿನ ಹತ್ತಿರ ಇರುತ್ತದೆ. ಲೆಕ್ಕ ಹಾಕಿದರೆ ಮಿನುಗಿದಾಗಲೆಲ್ಲ ಆ ರೆಸಿಸ್ಟರಿನಲ್ಲಿ 30 ವ್ಯಾಟಿಗೂ ಜಾಸ್ತಿ ಬಿಸಿಯಾಗಿ ಹೋಗುತ್ತದೆ. ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಂತರೆ ಮುಟ್ಟಲಾಗದಷ್ಟು ಸುಡುತ್ತದೆ, ಪ್ಲಾಸ್ಟಿಕ್‌ಗೆ ತಾಗಿದ್ದರೆ ಕರಗಿಸುತ್ತದೆ. ಇನ್ನೊಂದು ವಿಷಯ. ದೀಪದ ಹಿಂದಿನ ಹೊಳೆಯುವ ಬಟ್ಟಲನ್ನು ತಂತಿ ಎಲ್ಲಿ ಉರಿಯುತ್ತದೋ ಆ ಜಾಗಕ್ಕೆ ಹೊಂದಿಸಿ ಮಾಡಿರುತ್ತಾರೆ. ಎಲ್‌ಇಡಿ ಚೂರುಗಳು ಬೇರೆ ಜಾಗದಲ್ಲಿ ಇರುತ್ತವೆ. ಹತ್ತಿರದಿಂದ ನೋಡಿದರೆ ಕಣ್ಣು ಕುಕ್ಕುತ್ತದೆ, ಎದುರಿನಿಂದ ಬಿಸಿಲಲ್ಲಿ ಬರುವವರಿಗೆ ಕಾಣಬೇಕಾದಷ್ಟು ಕಾಣದಿರಬಹುದು. ಒಂದು ಊಟದ ದುಡ್ಡಿಗೆ ಸಿಗುವ ತಂತಿಯ ಬಲ್ಬ್ ಈ ಕೆಲಸವನ್ನು ವರ್ಷಗಟ್ಟಲೆ ಸರಿಯಾಗಿ ಮಾಡುತ್ತದೆ.

ಎರಡು ಬಲ್ಬ್ ತನ್ನಿ ಅಂದಿದ್ದೆನಲ್ಲ. ಎಡ ಬಲ ಎರಡೂ ಕಾರು ಬಂದ ದಿನದಿಂದ ಒಂದೇ ರಸ್ತೆಯ ಅದುರು ತಿಂದಿವೆ. ಒಂದು ಹೋದರೆ ಇನ್ನೊಂದಕ್ಕೂ ವಯಸ್ಸಾಗಿದೆ ಅಂತಲೇ. ಅದರ ಗಾಜು ಕಪ್ಪಾಗಿದ್ದರೆ ಅಥವಾ ಬಣ್ಣ ಸಿಪ್ಪೆಯೆದ್ದಿದ್ದರೆ ಅವತ್ತೇ ಬದಲಾಯಿಸಿ. ಚೆನ್ನಾಗಿದ್ದರೆ ಎರಡನೇ ಬಲ್ಬನ್ನು ಹತ್ತಿ ಸುತ್ತಿ, ಖಾಲಿ ಮಾತ್ರೆ ಡಬ್ಬಿಯಲ್ಲಿಟ್ಟು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಮೇಲೆ ಚೀಟಿ ಅಂಟಿಸಿ ಬಲ್ಬಿನ ನಂಬರು ಬರೆದಿಡಿ. ಮಾವನ ಜೀಪಿನಲ್ಲಿ ಅಂಥದ್ದೊಂದು ಡಬ್ಬಿ ಈಗಲೂ ಇದೆ. ಆ ಸಲ ನನ್ನ ಕಾರಿಗೆ ಬೇಕಾದ ಬಲ್ಬ್ ಸಿಕ್ಕಿದ್ದು ಅದರಲ್ಲೇ.